ವಿದ್ಯುತ್ ರೈಲಿನ ಆಯುಷ್ಯ

ತುಂಗಭದ್ರಾ ಎಡದಂಡೆ ಕಾಲುವೆಯ ಆಶ್ರಯದಲ್ಲಿ ಬೆಳೆದ ಸಿಂಧನೂರಿಗೆ ರೈಲುಗಾಡಿ ಬಂದುದು 2024ರಲ್ಲಿ. ಗಿಣಿಗೇರಾದಿಂದ ಹೊರಟ ಆ ಮಾರ್ಗಕ್ಕೆ 1990ರ ದಶಕದಲ್ಲಿಯೇ ಮಂಜೂರಾತಿ ದೊರೆತಿತ್ತೆಂಬುದನ್ನು ನೆನೆದರೆ, ಕಾದವರ ತಾಳ್ಮೆ ಅರಿವಾಗುತ್ತದೆ. ಲಿಂಗಸುಗೂರಿನ ಮೂಲಕ ಹಾಯಬೇಕಾದ ಗದಗ–ವಾಡಿ ಮಾರ್ಗದಲ್ಲಿ ರೈಲು 2025ರ ಮೇ ತಿಂಗಳಲ್ಲಿ ಕುಷ್ಟಗಿಯನ್ನು ಮುಟ್ಟಿತು. ಇವೆರಡರ ನಡುವಣ ಮಸ್ಕಿಗೆ ಬಸ್ಸೇ ಗತಿ. ಹೀಗಿರಲು, ಜಪಾನಿನವರು ಗಟ್ಟಿಮುಟ್ಟಾದ ವಿದ್ಯುತ್ ರೈಲುಗಳನ್ನು ಬದಿಗಿರಿಸಿ ಪರದೇಶಗಳಿಗೆ ಕಳುಹುತ್ತಾರೆಂಬ ಸುದ್ದಿ ಕೇಳಿದವರಿಗೆ, ಅವು ನಮ್ಮ ಕಡೆಗೇಕೆ ಬರಬಾರದೆಂಬ ಪ್ರಶ್ನೆ ಏಳುವುದು ಸಹಜ. ಉತ್ತರಕ್ಕಾಗಿ ಅಂತಹ ಒಂದು ರೈಲಿನ ಚರಿತ್ರೆಯನ್ನೇ ನೋಡಬೇಕು.

ಜಪಾನಿನ ರಾಷ್ಟ್ರೀಯ ರೈಲ್ವೆ ಸಾಲದ ಹೊರೆಯಿಂದ ಬಾಗಿದ್ದ ದಿನಗಳವು. 1979ರಲ್ಲಿ ರೂಪುಗೊಂಡ 201ನೆಯ ಶ್ರೇಣಿಯ ಗಾಡಿಗಳು ವಿದ್ಯುತ್ತನ್ನು ಉಳಿಸುತ್ತಿದ್ದವಾದರೂ ಅವುಗಳ ‘ಚಾಪರ್’ ಎಂಬ ನಿಯಂತ್ರಣ ಸಾಧನ ಬಹಳ ದುಬಾರಿಯಾಗಿತ್ತು. ಆದುದರಿಂದ 1985ರ ಮಾರ್ಚ್‌ನಲ್ಲಿ ಟೋಕಿಯೋ ನಗರವನ್ನು ಸುತ್ತುವ 34.5 ಕಿಲೋಮೀಟರ್ ಉದ್ದದ ಯಾಮಾನೋತೆ ಮಾರ್ಗದಲ್ಲಿ 205ನೆಯ ಶ್ರೇಣಿಯ ಗಾಡಿಗಳನ್ನು ಓಡಿಸಲಾಯಿತು. ಇದರಲ್ಲಿ ಹಳೆಯ ಬಗೆಯ ನೇರ ವಿದ್ಯುತ್ತಿನ ಮೋಟಾರುಗಳನ್ನೇ ಇರಿಸಿ, ಅವುಗಳ ಕಾಂತಕ್ಷೇತ್ರವನ್ನು ಮಾತ್ರ ಪ್ರತ್ಯೇಕವಾಗಿ ಹತೋಟಿಯಲ್ಲಿಡುವ ಅಗ್ಗದ ಉಪಾಯವನ್ನು ಕಂಡುಕೊಂಡಿದ್ದರು. ತಡೆ ಒತ್ತಿದಾಗ ಮೋಟಾರು ಡೈನಮೋ ಆಗಿ, ಉತ್ಪನ್ನವಾದ ವಿದ್ಯುತ್ತು ಮೇಲಿನ ತಂತಿಗೆ ಮರಳುತ್ತಿತ್ತು. ಹಿಂದೆ ಬರುವ ಗಾಡಿಗೆ ಅದು ಉಪಯೋಗವಾಗುತ್ತಿತ್ತು. ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದು ವಿದ್ಯುತ್ತಾಗುವುದನ್ನು ಕಂಡಿರುವ ರಾಯಚೂರು ಜಿಲ್ಲೆಯವರಿಗೆ ಈ ಉಳಿತಾಯದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಶೇಷ ಅದರ ಒಡಲು. ಹಳೆಯ ಗಾಡಿಗಳ ಉಕ್ಕಿನ ಮೈಗೆ ತುಕ್ಕು ಹಿಡಿಯುತ್ತಿತ್ತು, ಮತ್ತೆ ಮತ್ತೆ ಬಣ್ಣ ಬಳಿಯಬೇಕಾಗುತ್ತಿತ್ತು. 205ನೆಯ ಶ್ರೇಣಿಯದು ಹಗುರವಾದ ಸ್ಟೇನ್‌ಲೆಸ್ ಉಕ್ಕು; ಬಣ್ಣವೇ ಇಲ್ಲ, ಮಾರ್ಗವನ್ನು ಗುರುತಿಸಲು ಒಂದು ಪಟ್ಟಿ ಮಾತ್ರ. 1994ರವರೆಗೆ ಇಂತಹ 1461 ಬೋಗಿಗಳು ನಿರ್ಮಾಣಗೊಂಡವು.

ಇಪ್ಪತ್ತು ವರ್ಷಗಳಾದ ಮೇಲೂ ಈ ಒಡಲು ಸವೆದಿರಲಿಲ್ಲ. ಸವೆಯುತ್ತಿದ್ದುದು ಮೋಟಾರಿನೊಳಗಿನ ಇಂಗಾಲದ ಬ್ರಶ್ಶುಗಳು. ಅವನ್ನು ಆಗಾಗ ಪರೀಕ್ಷಿಸಿ ಬದಲಿಸಬೇಕು. ಅಷ್ಟರಲ್ಲಿ ಬ್ರಶ್ಶುಗಳ ಗೊಡವೆಯಿಲ್ಲದ ತ್ರಿಹಂತ ಮೋಟಾರುಗಳು ಬಳಕೆಗೆ ಬಂದಿದ್ದವು. 2005ರ ವೇಳೆಗೆ ಯಾಮಾನೋತೆ ಮಾರ್ಗದಿಂದ 205ನೆಯ ಶ್ರೇಣಿ ನಿವೃತ್ತವಾಯಿತು. ಎಂದರೆ, ಗಾಡಿಯನ್ನು ಮುದಿಯಾಗಿಸಿದ್ದು ತುಕ್ಕಲ್ಲ, ನಿರ್ವಹಣೆಯ ವೆಚ್ಚ.

ಆದರೆ ಅದರ ಬಾಳು ಅಲ್ಲಿಗೇ ಮುಗಿಯಲಿಲ್ಲ. ಕೆಲವು ಬೋಗಿಗಳು ಇತರ ಮಾರ್ಗಗಳಿಗೆ ಹೋದವು. ಕೆಲವು ಫುಜಿ ಪರ್ವತದ ಬಳಿಯ ಖಾಸಗಿ ರೈಲು ಸಂಸ್ಥೆಯನ್ನು ಸೇರಿದವು. 2013ರಿಂದ ಮುಂದೆ ಎಂಟುನೂರಕ್ಕೂ ಮಿಗಿಲಾದ ಬೋಗಿಗಳು ಹಡಗನ್ನೇರಿ ಇಂಡೋನೇಷ್ಯಾದ ಜಕಾರ್ತಾ ನಗರಕ್ಕೆ ಬಂದು, ಕೆಂಪು–ಹಳದಿ ಪಟ್ಟಿ ಬಳಿಸಿಕೊಂಡು ಮತ್ತೆ ದುಡಿಯತೊಡಗಿದವು. ಜಕಾರ್ತಾದ ಹಳಿಗಳ ಅಂತರ ಜಪಾನಿನದರಂತೆಯೇ 1067 ಮಿಲಿಮೀಟರ್. ತಂತಿಯಲ್ಲಿ ಹರಿಯುವುದೂ 1500 ವೋಲ್ಟಿನ ನೇರ ವಿದ್ಯುತ್ತೇ. ಇದೇ ಅಲ್ಲಿನ ಗುಟ್ಟು. ಆದರೂ 2023ರಲ್ಲಿ ಇಂಡೋನೇಷ್ಯಾ ಸರ್ಕಾರವು, ಸ್ವದೇಶೀ ಕಾರ್ಖಾನೆಗೆ ಕೆಲಸ ಸಿಗಲೆಂದು, ಹಳೆಯ ಗಾಡಿಗಳ ಆಮದಿಗೆ ಮತ್ತೆ ಒಪ್ಪಿಗೆ ನೀಡಲಿಲ್ಲ.

ಸಿಂಧನೂರಿನ ಹಳಿಗಳ ಅಂತರವಾದರೋ 1676 ಮಿಲಿಮೀಟರ್. ಭಾರತೀಯ ರೈಲ್ವೆಯ ತಂತಿಯಲ್ಲಿರುವುದು 25,000 ವೋಲ್ಟಿನ ಪರ್ಯಾಯ ವಿದ್ಯುತ್ತು. ಒಂದು ಕಾಲದಲ್ಲಿ ಮುಂಬಯಿಯಲ್ಲಿ 1500 ವೋಲ್ಟಿನ ವ್ಯವಸ್ಥೆಯೇ ಇತ್ತು, 1925ರಿಂದ. ಅದೂ 2016ರ ಹೊತ್ತಿಗೆ ಮಾಯವಾಯಿತು. ಗಾಲಿಗಳನ್ನೂ ವಿದ್ಯುತ್ ಸಾಧನಗಳನ್ನೂ ಬದಲಿಸಿದ ಮೇಲೆ ಹಳೆಯ ಗಾಡಿಯಲ್ಲಿ ಉಳಿಯುವುದು ಆ ಉಕ್ಕಿನ ಡಬ್ಬಿ ಮಾತ್ರ. ಅದಕ್ಕಾಗಿ ಸಮುದ್ರ ದಾಟಿಸುವುದು ಯಾವ ಲೆಕ್ಕದಲ್ಲೂ ಗಿಟ್ಟದು.

ಜಪಾನಿನ ವಿದ್ಯೆ ಕರ್ನಾಟಕಕ್ಕೆ ಬಂದುದು ಬೇರೊಂದು ದಾರಿಯಿಂದ. 2011ರ ಅಕ್ಟೋಬರ್ 20ರಂದು ಬೆಂಗಳೂರಿನಲ್ಲಿ ಓಡತೊಡಗಿದ ನಮ್ಮ ಮೆಟ್ರೋ ಗಾಡಿಗಳನ್ನು ಕಟ್ಟಿದ್ದು ಬಿ.ಇ.ಎಂ.ಎಲ್.; ಅವುಗಳ ಚಾಲನಾ ಸಾಧನಗಳನ್ನು ಒದಗಿಸಿದ್ದು ಮಿತ್ಸುಬಿಷಿ ಎಲೆಕ್ಟ್ರಿಕ್. ಅಲ್ಲಿಯ ಹಳಿಗಳ ಅಂತರ 1435 ಮಿಲಿಮೀಟರ್, ವಿದ್ಯುತ್ತು ಹಳಿಯ ಪಕ್ಕದ ಮೂರನೆಯ ಹಳಿಯಿಂದ, 750 ವೋಲ್ಟು. ಮೈ ಸ್ಟೇನ್‌ಲೆಸ್ ಉಕ್ಕಿನದೇ; ಮೋಟಾರಿನಲ್ಲಿ ಬ್ರಶ್ಶುಗಳಿಲ್ಲ. ನೌಕರಿಗಾಗಿ ಬೆಂಗಳೂರು ಸೇರಿರುವ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ತರುಣರು ದಿನವೂ ಹತ್ತಿ ಇಳಿಯುವುದು ಇಂತಹ ಗಾಡಿಗಳನ್ನೇ.