ಪುಕ್ಕಟೆ ಸೋಫಾದ ವಾಸನೆ

ಡೆಟ್ರಾಯಿಟ್ ನಗರದ ಪಶ್ಚಿಮಕ್ಕಿರುವ ನಮ್ಮ ಪ್ಲಿಮತ್ ಚಿಕ್ಕ ಊರು. ನೆರೆಯ ಕ್ಯಾಂಟನ್, ನಾರ್ತ್‌ವಿಲ್, ನೋವೈಗಳನ್ನೂ ಸೇರಿಸಿಕೊಂಡರೆ ಕನ್ನಡದ ಮನೆಗಳಿಗೆ ಇಲ್ಲಿ ಕೊರತೆಯಿಲ್ಲ. ಏಪ್ರಿಲ್ ಕಳೆದು ಹಿಮದ ಭಯ ನೀಗಿತೆಂದರೆ ಮನೆಗಳ ಮುಂದೆ ಗ್ಯಾರೇಜ್ ಸೇಲ್‌ನ ಫಲಕಗಳು ಏಳುತ್ತವೆ. ಅರ್ಧ ಗಂಟೆಯ ಹಾದಿಯಲ್ಲಿರುವ ಆನ್ ಆರ್ಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೋಣೆಗಳನ್ನು ಖಾಲಿ ಮಾಡುವಾಗ ಸೋಫಾಗಳೂ ಹಾಸಿಗೆಗಳೂ ರಸ್ತೆಯಂಚಿಗೆ ಬಂದು ನಿಲ್ಲುತ್ತವೆ. ಕೆಲವಕ್ಕೆ ‘ಫ್ರೀ’ ಎಂಬ ಚೀಟಿ ಅಂಟಿಸಿರುತ್ತದೆ. ಎರಡು ಸೂಟ್‌ಕೇಸ್ ಹಿಡಿದು ಬಂದಿಳಿದ ಯಾವ ಹೊಸಬರಿಗಾದರೂ ಇದು ದೊಡ್ಡ ಆಸರೆ. ನಮ್ಮಲ್ಲಿ ಬಹುಪಾಲು ಜನರ ಅಮೆರಿಕದ ಸಂಸಾರ ಆರಂಭವಾದದ್ದು ಹೀಗೆ ಯಾರೋ ಬಳಸಿ ಬಿಟ್ಟ ವಸ್ತುಗಳಿಂದಲೇ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಮರದ ಮೇಜು ಬೇರೆ, ಬಟ್ಟೆ ಹೊದಿಸಿದ ಸೋಫಾ ಬೇರೆ. ಈ ವ್ಯತ್ಯಾಸವನ್ನು ತಿಳಿಯದೆ ಕಷ್ಟಪಟ್ಟ ಒಂದು ಕುಟುಂಬದ ಕಥೆ ನೆನಪಾಗುತ್ತಿದೆ.

ಆ ದಂಪತಿ ನಮಗೆ ಪರಿಚಿತರು. ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಅವರಿಗೆ ಒಂದು ಬೂದುಬಣ್ಣದ ಸೋಫಾ ಉಚಿತವಾಗಿ ಸಿಕ್ಕಿತು. ಕೊಟ್ಟ ಮನೆಯಲ್ಲಿ ಎರಡು ಬೆಕ್ಕುಗಳಿದ್ದವು. ಸೋಫಾದಲ್ಲಿ ಅಂಥ ವಾಸನೆಯೇನೂ ಅವರಿಗೆ ಕಾಣಲಿಲ್ಲ. ಜುಲೈ ಬಂದು ಗಾಳಿಯಲ್ಲಿ ತೇವ ಹೆಚ್ಚಿದೊಡನೆ ಬೈಠಕ್ಕಿನ ಕೋಣೆಯಲ್ಲಿ ಮೂಗಿಗೆ ಚುಚ್ಚುವ ಘಾಟು ಏಳತೊಡಗಿತು. ಊರಿನಿಂದ ತಂದೆತಾಯಿಯರು ಬರುವ ದಿನ ಹತ್ತಿರವಾಗುತ್ತಿತ್ತು. ಊದುಬತ್ತಿ ಹಚ್ಚಿದರು, ಸುಗಂಧದ ಸ್ಪ್ರೇ ಸಿಂಪಡಿಸಿದರು. ಒಂದು ಸಂಜೆ ಆ ತಾಯಿ ಕರೆ ಮಾಡಿದಳು: “ಅಂಕಲ್, ಮಗು ರಾತ್ರಿಯಿಡೀ ಕೆಮ್ತಾ ಇದೆ. ಇನ್‌ಹೇಲರ್ ಕೊಟ್ಟರೂ ನಿಲ್ತಾ ಇಲ್ಲ.” ನಾಲ್ಕು ವರ್ಷದ ಆ ಮಗುವಿಗೆ ಮೊದಲಿನಿಂದಲೂ ಉಬ್ಬಸದ ತೊಂದರೆಯಿತ್ತು. ಆ ರಾತ್ರಿಯೇ ತುರ್ತು ಚಿಕಿತ್ಸೆಗೆ ಕರೆದೊಯ್ಯಲು ಹೇಳಿದೆ. ಮಗು ಚೇತರಿಸಿಕೊಂಡ ಮೇಲೆ ಅವರ ಮನೆಗೆ ಹೋದೆ. ಬಾಗಿಲು ತೆರೆಯುತ್ತಿದ್ದಂತೆಯೇ ಊದುಬತ್ತಿಯ ಹೊಗೆಯ ಅಡಿಯಲ್ಲಿ ಬೆಕ್ಕಿನ ಮೂತ್ರದ ವಾಸನೆ ನನಗೆ ಸ್ಪಷ್ಟವಾಗಿ ತಿಳಿಯಿತು. ಸೋಫಾ ಮಗು ಮಲಗುವ ಕೋಣೆಯ ಬಾಗಿಲಿಗೇ ಒತ್ತಿಕೊಂಡಿತ್ತು.

ಫೆಬ್ರವರಿಯಲ್ಲಿ ಇಲ್ಲದ ವಾಸನೆ ಜುಲೈನಲ್ಲಿ ಬಂದದ್ದೆಲ್ಲಿಂದ? ಬೆಕ್ಕಿನ ಮೂತ್ರದಲ್ಲಿ ಫೆಲಿನೀನ್ ಎಂಬ ಗಂಧಕಯುಕ್ತ ವಸ್ತುವಿರುತ್ತದೆ. ಅದು ನಿಧಾನವಾಗಿ ಒಡೆಯುತ್ತ ದಿನ ಕಳೆದಂತೆ ಘಾಟನ್ನು ಹೆಚ್ಚಿಸುತ್ತದೆ. ಮೂತ್ರದಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಆಗಿಸುತ್ತವೆ. ಯೂರಿಕ್ ಆಮ್ಲವಂತೂ ನೀರಿನಲ್ಲಿ ಸುಲಭವಾಗಿ ಕರಗದು. ಸೋಪಿನ ನೀರಿನಿಂದ ಒರೆಸಿದರೂ ಒಳಗೆ ಉಳಿದುಬಿಡುತ್ತದೆ. ಚಳಿಗಾಲದಲ್ಲಿ ಹೀಟರಿನ ಒಣಗಾಳಿಯಲ್ಲಿ ಇವೆಲ್ಲ ಮಲಗಿರುತ್ತವೆ, ಬೇಸಿಗೆಯ ತೇವ ತಗುಲಿದಾಗ ಎದ್ದು ಕೂರುತ್ತವೆ. ಹಾಗಾದರೆ ಕೊಟ್ಟವರು ಮೋಸ ಮಾಡಿದರೇ? ಇಲ್ಲವೆಂದೇ ನನ್ನ ಅಭಿಪ್ರಾಯ. ಸದಾ ಇರುವ ವಾಸನೆಯನ್ನು ಮೂಗು ಸ್ವಲ್ಪ ಹೊತ್ತಿನಲ್ಲೇ ಗಮನಿಸುವುದನ್ನು ಬಿಡುತ್ತದೆ. ತನ್ನ ಮನೆಯ ವಾಸನೆ ತನಗೆ ತಿಳಿಯದು.

ನಮ್ಮ ಊರುಗಳಲ್ಲಿ ಹಾಸಿಗೆ ಮುಗ್ಗಲು ಹಿಡಿದರೆ ಬಿಸಿಲಿಗೆ ಹಾಕುತ್ತಿದ್ದರು. ತೀರಾ ಹಳತಾದರೆ ಪಿಂಜಾರರು ಬಂದು ಹೊಲಿಗೆ ಬಿಚ್ಚಿ, ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಕೊಡುತ್ತಿದ್ದರು. ಹಾಸಿಗೆಯ ಒಳಗು ಹೊರಗು ಎರಡೂ ಹಸನಾಗುತ್ತಿದ್ದವು. ಇಲ್ಲಿನ ಸೋಫಾದ ಹೊಟ್ಟೆಯಲ್ಲಿರುವುದು ಪಾಲಿಯುರೆಥೇನ್ ಫೋಮ್. ಬಟ್ಟೆಯ ಮೇಲೆ ಅಂಗೈಯಗಲದ ಕಲೆ ಕಂಡರೆ ಫೋಮಿನೊಳಗೆ ಅದು ಅದಕ್ಕಿಂತ ಬಹಳ ಅಗಲಕ್ಕೆ ಹರಡಿರುತ್ತದೆ. ಮೇಲೆ ಎಷ್ಟು ಉಜ್ಜಿದರೂ ಮೂಲ ಕೈಗೆ ಸಿಗುವುದಿಲ್ಲ.

ಸೋಫಾ ಮತ್ತು ಅದರ ಶುಚಿತ್ವ, ಎರಡರಲ್ಲೂ ಈ ರಾಜ್ಯಕ್ಕೆ ಹಳೆಯ ನಂಟಿದೆ. ಒರಗುಕುರ್ಚಿಗೆ ಹೆಸರಾದ ಲೇಜಿಬಾಯ್ ಕಂಪನಿಯನ್ನು ಸೋದರ ಸಂಬಂಧಿಗಳಿಬ್ಬರು 1927ರಲ್ಲಿ ಆರಂಭಿಸಿದ್ದು ನಮ್ಮ ದಕ್ಷಿಣಕ್ಕಿರುವ ಮನ್ರೋ ಪಟ್ಟಣದಲ್ಲಿ. ಪಶ್ಚಿಮ ಮಿಷಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್ ಪೀಠೋಪಕರಣಗಳ ನಗರವೆಂದೇ ಖ್ಯಾತ. ಅಲ್ಲಿ ಪಿಂಗಾಣಿ ಪಾತ್ರೆಗಳ ಅಂಗಡಿ ಇಟ್ಟಿದ್ದ ಮೆಲ್ವಿಲ್ ಬಿಸೆಲ್ 1876ರಲ್ಲಿ ರತ್ನಗಂಬಳಿ ಗುಡಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1889ರಲ್ಲಿ ಅವರು ತೀರಿಕೊಂಡಾಗ ಪತ್ನಿ ಆನಾ ಬಿಸೆಲ್ ಕಂಪನಿಯ ಚುಕ್ಕಾಣಿ ಹಿಡಿದರು. ಅದೇ ಕಂಪನಿಯ ಚಿಕ್ಕ ಹಸಿರು ಯಂತ್ರ ಇಂದು ಎಷ್ಟೋ ಮನೆಗಳಲ್ಲಿ ಸೋಫಾದ ಕಲೆ ತೆಗೆಯುತ್ತಿದೆ.

ಆದರೆ ಯಂತ್ರ ಹಿಡಿಯುವ ಮುನ್ನ ದಿಂಬಿನ ಅಡಿಯಲ್ಲಿರುವ ಚೀಟಿಯನ್ನು ಓದಬೇಕು. ‘ಡಬ್ಲ್ಯು’ ಎಂದಿದ್ದರೆ ನೀರು ಬೆರೆತ ದ್ರಾವಣ ಬಳಸಬಹುದು. ‘ಎಸ್’ ಇದ್ದರೆ ನೀರು ತಾಗಿಸಬಾರದು, ಡ್ರೈಕ್ಲೀನಿಂಗ್ ದ್ರಾವಕವೇ ಆಗಬೇಕು. ಎರಡೂ ಅಕ್ಷರಗಳಿದ್ದರೆ ಎರಡೂ ಸಲ್ಲುತ್ತವೆ. ‘ಎಕ್ಸ್’ ಇದ್ದರೆ ವ್ಯಾಕ್ಯೂಮ್ ಮಾತ್ರ. ತರಬೇತಿ ಪಡೆದ ವೃತ್ತಿಪರರು ಈ ಚೀಟಿ ನೋಡಿ, ಕಾಣದ ಜಾಗದಲ್ಲಿ ಬಟ್ಟೆಯನ್ನು ಪರೀಕ್ಷಿಸಿಯೇ ಮುಂದುವರಿಯುತ್ತಾರೆ. ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದರೆ ಮೂತ್ರದ ಹಳೆಯ ಕಲೆಗಳು ಹೊಳೆದು ಕಾಣುತ್ತವೆ. ಒಣ ಧೂಳನ್ನು ಎಳೆದು, ಕಿಣ್ವಗಳುಳ್ಳ ದ್ರಾವಣ ಹಾಕಿ, ಅದಕ್ಕೆ ಕೆಲಸ ಮಾಡಲು ಸಮಯ ಕೊಟ್ಟು, ಬಿಸಿನೀರನ್ನು ಒತ್ತಡದಿಂದ ಹಾಯಿಸಿ ಒಡನೆಯೇ ಹೀರಿ ತೆಗೆಯುತ್ತಾರೆ. ಆಮೇಲೆ ಫ್ಯಾನುಗಳನ್ನಿಟ್ಟು ಒಣಗಿಸುತ್ತಾರೆ. ಒಂದೆರಡು ದಿನಗಳೊಳಗೆ ಪೂರ್ತಿ ಒಣಗದಿದ್ದರೆ ಬೂಷ್ಟು ಹಿಡಿದು, ಹಳೆಯ ವಾಸನೆಯ ಜಾಗಕ್ಕೆ ಹೊಸದು ಬರುತ್ತದೆ. ಬೆವರು, ಅಡುಗೆಯ ಎಣ್ಣೆ, ಚೆಲ್ಲಿದ ಹಾಲಿನ ವಾಸನೆಗಳು ಇಂಥ ಶುಚಿಗೆ ಬಹುಮಟ್ಟಿಗೆ ಬಗ್ಗುತ್ತವೆ. ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು ವ್ಯಾಕ್ಯೂಮ್ ಮಾಡಿದರೂ ಸೌಮ್ಯವಾದ ಹುಳಿವಾಸನೆ ಇಳಿಯುತ್ತದೆ.

ಬಗ್ಗದ ವಾಸನೆಗಳೂ ಇವೆ. ಫೋಮಿನ ಆಳಕ್ಕಿಳಿದ ಮೂತ್ರಕ್ಕೆ ಫೋಮನ್ನೇ ಬದಲಿಸುವುದು ಖಚಿತವಾದ ಉಪಾಯ. ವರ್ಷಗಟ್ಟಲೆ ಸಿಗರೇಟು ಸೇದಿದ ಮನೆಯ ಸೋಫಾವನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಮೇಲ್ಮೈಗಳಿಗೆ ಅಂಟಿದ ನಿಕೋಟಿನ್ ಒಳಾಂಗಣದ ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಡನೆ ಕೂಡಿ ಕ್ಯಾನ್ಸರ್‌ಕಾರಕ ನೈಟ್ರೋಸಮೀನ್‌ಗಳನ್ನು ಉಂಟುಮಾಡುತ್ತದೆಂದು ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು 2010ರಲ್ಲಿ ತೋರಿಸಿದರು. ಅಂಬೆಗಾಲಿಡುವ ಮಗುವಿನ ಕೈ ಸೋಫಾದಿಂದ ನೇರವಾಗಿ ಬಾಯಿಗೆ ಹೋಗುತ್ತದೆಂಬುದನ್ನು ಮರೆಯಬಾರದು.

ವೈದ್ಯನಾಗಿ ಇನ್ನೂ ಮೂರು ಎಚ್ಚರಿಕೆಗಳನ್ನು ಹೇಳಬೇಕು. ಮೂತ್ರದ ಕಲೆಯ ಮೇಲೆ ಬ್ಲೀಚ್ ಸುರಿಯಬೇಡಿ. ಅಮೋನಿಯಾದೊಡನೆ ಸೇರಿ ಅದು ಕ್ಲೋರಮೀನ್ ಎಂಬ ವಿಷಾನಿಲವಾಗುತ್ತದೆ. ವಾಸನೆ ಕಳೆಯುತ್ತದೆಂದು ಮಾರುವ ಓಜೋನ್ ಯಂತ್ರಗಳನ್ನು ಜನರಿರುವ ಮನೆಯಲ್ಲಿ ಬಳಸಬೇಡಿ. ವಾಸನೆಯನ್ನು ಕಳೆಯುವಷ್ಟು ಓಜೋನ್ ಶ್ವಾಸಕೋಶಕ್ಕೂ ಹಾನಿಕರ. ರಸ್ತೆಯಂಚಿನ ಸೋಫಾ, ಹಾಸಿಗೆಗಳನ್ನು ಒಳಗೆ ತರಬೇಡಿ. ಓರ್ಕಿನ್ ಎಂಬ ಕೀಟನಿಯಂತ್ರಣ ಕಂಪನಿ ಪ್ರತಿವರ್ಷ ಪ್ರಕಟಿಸುವ ತಿಗಣೆಗಳ ಪಟ್ಟಿಯಲ್ಲಿ ಚಿಕಾಗೊ, ಡೆಟ್ರಾಯಿಟ್‌ಗಳು ಮತ್ತೆ ಮತ್ತೆ ಮುಂಚೂಣಿಯಲ್ಲಿವೆ. ತಿಗಣೆ ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ಯಾರ ಮನೆಯಿಂದ ಕೊಂಡರೂ ಟಾರ್ಚ್ ಹಿಡಿದು ಹೊಲಿಗೆಯ ಸಂದುಗಳಲ್ಲಿ ಕಪ್ಪು ಚುಕ್ಕೆಗಳಿವೆಯೇ ಎಂದು ನೋಡಿ.

ಮತ್ತೆ ಆ ಕುಟುಂಬಕ್ಕೆ ಬರುತ್ತೇನೆ. ಅವರು ವೃತ್ತಿಪರರನ್ನು ಕರೆಸಿ ನೂರು ಡಾಲರಿಗೂ ಮಿಕ್ಕಿ ವೆಚ್ಚ ಮಾಡಿದರು. ವಾಸನೆ ಬಹಳವೇ ತಗ್ಗಿತು, ಆದರೆ ಮಗುವಿನ ಕೆಮ್ಮು ತಗ್ಗಲಿಲ್ಲ. ಪರೀಕ್ಷೆಯಲ್ಲಿ ಮಗುವಿಗೆ ಬೆಕ್ಕಿನ ಅಲರ್ಜಿಯಿರುವುದು ತಿಳಿಯಿತು. ಬೆಕ್ಕಿನ ಜೊಲ್ಲು ಮತ್ತು ಚರ್ಮದಿಂದ ಬರುವ ಆ ಪ್ರೋಟೀನಿಗೆ ವಾಸನೆಯೇ ಇಲ್ಲ. ಬೆಕ್ಕು ಹೋದ ಮೇಲೂ ಅದು ತಿಂಗಳುಗಟ್ಟಲೆ ಬಟ್ಟೆಯಲ್ಲಿ ಉಳಿಯುತ್ತದೆ. ಊದುಬತ್ತಿಯ ಹೊಗೆ ಉಬ್ಬಸದ ಮಗುವಿಗೆ ಮತ್ತಷ್ಟು ಕಿರುಕುಳವನ್ನೇ ಕೊಟ್ಟಿತ್ತು. “ದುಡ್ಡು ಹೋದ್ರೆ ಹೋಗ್ಲಿ ಅಂಕಲ್, ಇದನ್ನ ಕಳಿಸಿಬಿಡ್ತೀವಿ” ಎಂದ ಮಗುವಿನ ತಂದೆ. ಸೋಫಾ ಹೊರಗೆ ಹೋಯಿತು. ಗೋಡೆ, ನೆಲ, ಪರದೆಗಳನ್ನೆಲ್ಲ ತೊಳೆದು ಒರೆಸಿದರು. ಕೆಲವು ವಾರಗಳಲ್ಲಿ ಮಗು ನೆಮ್ಮದಿಯಿಂದ ನಿದ್ರಿಸತೊಡಗಿತು. ಊರಿನಿಂದ ಬಂದ ಅಜ್ಜ ಮರದ ಕುರ್ಚಿಯಲ್ಲಿ ಕುಳಿತರು, ಅಜ್ಜಿ ಜಮಖಾನದ ಮೇಲೆ ಮೊಮ್ಮಗುವಿನೊಡನೆ ಕಾಲು ಚಾಚಿ ಕುಳಿತರು. ಸೋಫಾ ಎಲ್ಲಿ ಎಂದು ಅವರು ಕೇಳಲೇ ಇಲ್ಲವಂತೆ.

ಇಲ್ಲಿಗೆ ಬರಲು ಸಿದ್ಧರಾಗುತ್ತಿರುವವರಿಗೆ ನನ್ನ ಸಲಹೆ ಇಷ್ಟೆ. ಮರದ್ದು, ಲೋಹದ್ದು ಏನಿದ್ದರೂ ಧೈರ್ಯವಾಗಿ ಹಳತನ್ನು ಕೊಳ್ಳಿ. ಮೆತ್ತನೆಯದನ್ನು ಕೊಳ್ಳುವಾಗ ದಿಂಬನ್ನು ಎತ್ತಿ, ಬಿಚ್ಚಿ, ಫೋಮಿಗೆ ಮೂಗೊಡ್ಡಿ ನೋಡಿ. ಸಾಕುಪ್ರಾಣಿ ಇದೆಯೇ, ಮನೆಯೊಳಗೆ ಸೇದುತ್ತಿದ್ದರೇ ಎಂದು ಕೇಳಿ. ಇಲ್ಲಿನವರು ಅದನ್ನು ಅಪಚಾರವೆಂದು ಎಣಿಸುವುದಿಲ್ಲ. ಮನೆಯಲ್ಲಿ ಉಬ್ಬಸದವರಿದ್ದರೆ ಮೊದಲ ಕೆಲವು ತಿಂಗಳು ಜಮಖಾನವೇ ಸಾಕು.

ಕಳೆದ ವಸಂತದಲ್ಲಿ ಅದೇ ದಂಪತಿ ಬೇರೆ ಊರಿಗೆ ಹೊರಟರು. ಆ ನಡುವೆ ಹೊಸದಾಗಿ ಕೊಂಡಿದ್ದ ಚಿಕ್ಕ ಸೋಫಾವನ್ನು ಮಾರಾಟಕ್ಕಿಟ್ಟರು. ನೋಡಲು ಬಂದ ಅಮೆರಿಕನ್ ಮಹಿಳೆ ದಿಂಬನ್ನು ಮೂಸಿ, “ಇದೇನೋ ಮಸಾಲೆಯ ವಾಸನೆ” ಎಂದು ನಕ್ಕರಂತೆ. ಆರು ತಿಂಗಳು ಕಿಟಕಿ ಮುಚ್ಚಿದ ಮನೆಯಲ್ಲಿ ಇಂಗು, ಸಾಸಿವೆ, ಕರಿಬೇವಿನ ಒಗ್ಗರಣೆ ಬಟ್ಟೆಗೆ ಇಳಿಯದೆ ಇರುತ್ತದೆಯೇ! ಇವರಿಬ್ಬರಿಗೂ ಅದು ಒಮ್ಮೆಯೂ ತಿಳಿದಿರಲಿಲ್ಲ. ಅಂದೇ ಜಾಹೀರಾತಿಗೆ ಒಂದು ಸಾಲು ಸೇರಿಸಿದರು: ‘ಪ್ರತಿದಿನ ಭಾರತೀಯ ಅಡುಗೆ ಮಾಡುವ ಮನೆ. ಬಂದು ಮೂಸಿ ನೋಡಿಯೇ ಕೊಂಡೊಯ್ಯಿರಿ.’ ಎರಡನೆಯ ದಿನವೇ ಸೋಫಾ ಮಾರಾಟವಾಯಿತು.