ನಗರದ ದಂಗೆ: ಕೂಟ ಒಂದು, ಗುರಿ ಮೂರು

ಮಾಕಳಿದುರ್ಗದಂಥ ಬೆಟ್ಟದ ಕೋಟೆಗಳು ಹಳೆಯ ಮೈಸೂರಿನ ಉದ್ದಗಲಕ್ಕೂ ಇವೆ. ದುರ್ಗಕ್ಕೊಬ್ಬ ಒಡೆಯನೆಂಬ ಪಾಳೆಯಗಾರಿಕೆ ಬೇರೂರಿದ್ದ ನಾಡಿನಲ್ಲಿ ಬಂಡೆದ್ದವರು ಒಂದಾಗುವುದು ಸುಲಭವಲ್ಲ. ಆದರೂ 1830–31ರ ನಗರದ ದಂಗೆಯಲ್ಲಿ ರೈತರು, ನಗರ ಅಂದರೆ ಬಿದನೂರಿನ ಗದ್ದುಗೆ ತನ್ನದೆಂದ ಬೂದಿ ಬಸಪ್ಪ, ತರೀಕೆರೆಯ ಪಾಳೆಯಗಾರ ಮನೆತನ ಒಂದೇ ಕಡೆ ನಿಂತರು. ಇವರನ್ನು ಕೂಡಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಸರ್ಕಾರದ ಮೇಲಿನ ಸಿಟ್ಟೊಂದೇ ಅಲ್ಲ, ಕೊಡುಕೊಳ್ಳುವ ಲೆಕ್ಕವೂ ಹೌದು.

ಆಗ ನಡೆಯುತ್ತಿದ್ದುದು ಷರತ್ತಿನ ಪದ್ಧತಿ. ತಾಲ್ಲೂಕಿನಿಂದ ಇಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರ ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಆ ಭಾರವೆಲ್ಲ ರೈತನ ಬೆನ್ನಿಗೆ ಬಿತ್ತು. ರೈತರು ಕೂಟ ಸೇರಿದರು. ಅವರಲ್ಲಿ ಜನಬಲವಿತ್ತು, ತರೀಕೆರೆಯವರಲ್ಲಿ ಕೋಟೆ ಕಾದಾಟದ ಅನುಭವವಿತ್ತು. ಹೊನ್ನಾಳಿ ಕಡೆಯ ರೈತನ ಮಗ ಸಾದರ ಮಲ್ಲನೇ ನಗರದ ಅರಸರ ಮುದ್ರೆಗಳನ್ನು ಹಿಡಿದು ಬೂದಿ ಬಸಪ್ಪನಾದ. ತನ್ನ ಜೊತೆ ನಿಂತರೆ ಹಳೆ ಬಾಕಿ ಮಾಫಿ, ಒಂದು ಹೊನ್ನಿನ ವರಹದ ಕಂದಾಯಕ್ಕೆ ಒಂದೇ ರೂಪಾಯಿ ಎಂದು ಮಾತು ಕೊಟ್ಟ.

ರೈತರು ದೊಡ್ಡವರ ಕೈಗೊಂಬೆಗಳಾಗಿದ್ದರು ಎನ್ನುವವರಿದ್ದಾರೆ. ಹಾಗಿದ್ದರೆ ಇಂಥ ಆಸೆ ತೋರಿಸಿ ಅವರನ್ನು ಒಲಿಸಿಕೊಳ್ಳುವ ಅಗತ್ಯವೇ ಬೀಳುತ್ತಿರಲಿಲ್ಲ. ಕೂಟವನ್ನು ಮುರಿದದ್ದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವಲ್ಲವೇ ಎಂದು ಕೇಳಬಹುದು. ನಿಜ, 1831ರ ಜೂನ್‌ನಲ್ಲಿ ನಗರ ಅದರ ವಶವಾಯಿತು. ಆದರೆ ಕೂಟ ಸೋತ ಮೇಲೆ ಯಾರಿಗೆ ಏನು ಸಿಕ್ಕಿತೆಂಬುದನ್ನು ಫಿರಂಗಿಗಳು ತೀರ್ಮಾನಿಸಲಿಲ್ಲ. ರೈತರು ಬಯಸಿದ ತೆರಿಗೆ ರಿಯಾಯಿತಿಯನ್ನು ಯಾವ ಸರ್ಕಾರವಾದರೂ ಕೊಡಬಹುದಿತ್ತು. ಅದೇ ವರ್ಷ ಬ್ರಿಟಿಷರು ಮಹಾರಾಜರಿಂದ ಆಡಳಿತ ಕಿತ್ತುಕೊಂಡರು. ಮುಂದೆ ಕಮಿಷನರ್ ಕಬ್ಬನ್ ಕಾಲದಲ್ಲಿ 769 ಸಣ್ಣಪುಟ್ಟ ತೆರಿಗೆಗಳು ರದ್ದಾದವು. ಗದ್ದುಗೆ, ಪಾಳೆಪಟ್ಟುಗಳನ್ನು ಮಾತ್ರ ಯಾವ ಸರ್ಕಾರವೂ ಬಿಟ್ಟುಕೊಡುವಂತಿರಲಿಲ್ಲ. ತರೀಕೆರೆಯ ಸರ್ಜಾ ಹನುಮಪ್ಪ ನಾಯಕನನ್ನು 1834ರಲ್ಲಿ ಗಲ್ಲಿಗೇರಿಸಲಾಯಿತು.

ಸೋತಾಗಷ್ಟೇ ಅಲ್ಲ, ಗೆದ್ದಾಗಲೂ ಗುರಿಗಳ ನಡುವಿನ ಇದೇ ಬಿರುಕು ಬಾಯಿಬಿಡುತ್ತದೆ. ಸೋವಿಯತ್ ಸೇನೆ 1989ರಲ್ಲಿ ಅಫ್ಘಾನಿಸ್ತಾನ ಬಿಟ್ಟು ಹೋಯಿತು. ಅದರ ವಿರುದ್ಧ ಹೋರಾಡಿ 1992ರಲ್ಲಿ ಕಾಬೂಲ್ ಹಿಡಿದ ಮುಜಾಹಿದೀನ್ ಗುಂಪುಗಳು ತಮ್ಮತಮ್ಮಲ್ಲೇ ಕಾದಾಡಿ ಆ ಊರನ್ನೇ ಹಾಳುಗೆಡವಿದವು. ಹಾಗಾಗಿ ಎಲ್ಲಿಯಾದರೂ ಬಂಡುಕೋರರು ಒಂದಾದರೆಂಬ ಸುದ್ದಿ ಓದಿದಾಗ, ಅವರು ಯಾರ ವಿರುದ್ಧ ಸೇರಿದ್ದಾರೆ ಎಂದಷ್ಟೇ ಕೇಳಿದರೆ ಸಾಲದು. ಯಾರಿಗೆ ಏನು ಬೇಕಾಗಿದೆ, ಅದನ್ನು ಬೇರೆ ಯಾರು ಕೊಡಬಲ್ಲರು ಎಂದೂ ಕೇಳಬೇಕು.