ಚೇಂಬರ್ ಸಂಗೀತದಲ್ಲಿ ಜಾಝ್ ಮತ್ತು ನೃತ್ಯಲಯಗಳು: ಎರಡು ಕೃತಿಗಳ ವಿವೇಚನೆ

ಪಾಶ್ಚಾತ್ಯ ಶಾಸ್ತ್ರೀಯ ಪರಂಪರೆಯಲ್ಲಿ ಕೆಲವೇ ವಾದಕರು ಒಟ್ಟಾಗಿ ನುಡಿಸುವ, ಪ್ರತಿ ಭಾಗವನ್ನೂ ಒಬ್ಬೊಬ್ಬರೇ ನಿರ್ವಹಿಸುವ ಪ್ರಕಾರಕ್ಕೆ ಚೇಂಬರ್ ಸಂಗೀತವೆಂದು ಹೆಸರು. ಈ ಪ್ರಕಾರಕ್ಕೆ ನೃತ್ಯದ ನಂಟು ಹೊಸದಲ್ಲ. ಹೈಡನ್ನನ ತಂತಿವಾದ್ಯ ಚತುಷ್ಕಗಳಲ್ಲಿ ಮಿನುಯೆಟ್ ನೃತ್ಯಕ್ಕೆ ನಿಯತವಾದ ಸ್ಥಾನವಿತ್ತು. ಆದರೆ ಮೊದಲ ಮಹಾಯುದ್ಧದ ಅಂತ್ಯದ ವೇಳೆಗೆ ಇದರೊಳಗೆ ಬಂದ ರ್‍ಯಾಗ್‌ಟೈಮ್, ಬ್ಲೂಸ್, ಟ್ಯಾಂಗೊಗಳು ಯುರೋಪಿನ ಅರಮನೆಗಳಲ್ಲಿ ಹುಟ್ಟಿದವಲ್ಲ. ಮೊದಲೆರಡು ಆಫ್ರಿಕನ್-ಅಮೆರಿಕನ್ ಸಮುದಾಯದ ಸೃಷ್ಟಿ; ಮೂರನೆಯದು ದಕ್ಷಿಣ ಅಮೆರಿಕದ ರಿಯೊ ದೆ ಲಾ ಪ್ಲಾಟಾ ತೀರದ ಬಂದರು ನಗರಗಳದು. 1918ರಲ್ಲಿ ಲೊಸಾನ್ ನಗರದಲ್ಲಿ ಪ್ರಥಮ ಪ್ರದರ್ಶನ ಕಂಡ ಸ್ಟ್ರಾವಿನ್‌ಸ್ಕಿಯ ‘ಸೈನಿಕನ ಕಥೆ’ಯಲ್ಲಿ ಏಳು ವಾದಕರಿಗಾಗಿ ಟ್ಯಾಂಗೊ, ವಾಲ್ಟ್ಸ್, ರ್‍ಯಾಗ್‌ಟೈಮ್‌ಗಳನ್ನು ರಚಿಸಲಾಗಿದೆ.

ಈ ಸ್ವೀಕಾರವು ಕೇವಲ ಅಲಂಕಾರವೋ, ರಚನೆಯನ್ನೇ ಬದಲಿಸಿದ ಶಕ್ತಿಯೋ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಪ್ರಾಗ್ ನಗರದಲ್ಲಿ ಜನಿಸಿದ ಎರ್ವಿನ್ ಶುಲ್‌ಹಾಫ್ (1894–1942) 1923ರಲ್ಲಿ ರಚಿಸಿದ ‘ತಂತಿವಾದ್ಯ ಚತುಷ್ಕಕ್ಕೆ ಐದು ತುಣುಕುಗಳು’ ಕೃತಿಯಲ್ಲಿ ವಿಯೆನ್ನಾದ ವಾಲ್ಟ್ಸ್, ಸೆರೆನೇಡ್, ಚೆಕ್ ಶೈಲಿಯ ರಚನೆ, ಟ್ಯಾಂಗೊ ಮತ್ತು ಟ್ಯಾರಂಟೆಲ್ಲಾಗಳಿವೆ. ಇದರ ವಾಲ್ಟ್ಸ್‌ನ ಸ್ವರಲಿಪಿ ಗಮನಾರ್ಹವಾದುದು. ಮೂರು ಮಾತ್ರೆಗಳ ನೃತ್ಯವನ್ನು ಸಮಸಂಖ್ಯೆಯ ಮಾತ್ರಾಗಣದಲ್ಲಿ ಬರೆದಿರುವುದರಿಂದ ಘಾತಗಳು ನಿರೀಕ್ಷಿತ ಸ್ಥಾನದಿಂದ ಸರಿಯುತ್ತವೆ. ಪರಿಚಿತ ನೃತ್ಯವೇ ಅಪರಿಚಿತವಾಗುತ್ತದೆ.

ರಾವೆಲ್‌ನ ಪಿಟೀಲು ಸೊನಾಟಾ (1923–27) ಬೇರೊಂದು ಮಾರ್ಗವನ್ನು ಹಿಡಿಯುತ್ತದೆ. ‘ಬ್ಲೂಸ್’ ಎಂದೇ ಹೆಸರಿಸಲಾದ ಎರಡನೆಯ ಭಾಗದ ಆರಂಭದಲ್ಲಿ ಪಿಟೀಲು ತಂತಿಗಳನ್ನು ಮೀಟಿ ಬ್ಯಾಂಜೊ ವಾದ್ಯದ ಧ್ವನಿಯನ್ನು ನೆನಪಿಸುತ್ತದೆ. ಮುಂದೆ ಸ್ವರದಿಂದ ಸ್ವರಕ್ಕೆ ಜಾರುವ ನುಡಿಕೆ, ತಗ್ಗಿಸಿದ ಮೂರನೆಯ ಮತ್ತು ಏಳನೆಯ ಸ್ವರಗಳು ಬ್ಲೂಸ್ ಗಾಯನದ ಛಾಯೆಯನ್ನು ತರುತ್ತವೆ. ಪಿಟೀಲು ಒಂದು ಶ್ರುತಿಕೇಂದ್ರದಲ್ಲಿಯೂ ಪಿಯಾನೊ ಅದಕ್ಕಿಂತ ಅರ್ಧಸ್ವರ ಮೇಲಿನ ಕೇಂದ್ರದಲ್ಲಿಯೂ ನಿಲ್ಲುವುದರಿಂದ ಎರಡು ವಾದ್ಯಗಳ ನಡುವಣ ಭಿನ್ನತೆ ಬೆಸೆದುಕೊಳ್ಳದೆಯೇ ಉಳಿಯುತ್ತದೆ. 1928ರಲ್ಲಿ ಹ್ಯೂಸ್ಟನ್ ನಗರದಲ್ಲಿ ನೀಡಿದ ಉಪನ್ಯಾಸದಲ್ಲಿ ರಾವೆಲ್, ಜನಪ್ರಿಯ ರೂಪವೊಂದನ್ನು ಸ್ವೀಕರಿಸಿದರೂ ಕೃತಿಯು ತನ್ನದೇ ಫ್ರೆಂಚ್ ಸಂಗೀತವಾಗಿ ಉಳಿದಿದೆ ಎಂಬ ಅಭಿಪ್ರಾಯವನ್ನು ಮಂಡಿಸಿದರು.

ಈ ಎರಡೂ ಕೃತಿಗಳಲ್ಲಿ ಎರವಲು ಪಡೆದ ಲಯ ಮತ್ತು ಸ್ವರಗಳು ರಚನೆಯ ಒಳಗೇ ಕೆಲಸ ಮಾಡುತ್ತವೆಯಾದ್ದರಿಂದ ಅವನ್ನು ಅಲಂಕಾರವೆಂದು ಬದಿಗಿಡಲಾಗದು. ಆದರೆ ಜಾಝ್‌ನ ಜೀವಾಳವಾದ ಆಶುವಿಸ್ತಾರಕ್ಕೆ ಇವುಗಳಲ್ಲಿ ಎಡೆಯಿಲ್ಲ, ಎಲ್ಲವೂ ಲಿಖಿತ. ಮೂಲ ಕಲಾವಿದರ ಋಣವನ್ನು ಅಳೆಯುವಾಗ ಈ ಮಿತಿಯನ್ನೂ ಪರಿಗಣಿಸುವುದು ಅಗತ್ಯ.

ಈ ಬೆರಕೆಗೆ ರಾಜಕೀಯ ಬೆಲೆಯೂ ಇತ್ತು. 1938ರಲ್ಲಿ ನಾತ್ಸಿಗಳು ಡ್ಯುಸೆಲ್‌ಡಾರ್ಫ್‌ನಲ್ಲಿ ಏರ್ಪಡಿಸಿದ ‘ಅಧಃಪತಿತ ಸಂಗೀತ’ ಪ್ರದರ್ಶನದ ಭಿತ್ತಿಪತ್ರವು ಯಹೂದಿ ನಕ್ಷತ್ರ ಧರಿಸಿದ ಕಪ್ಪುವರ್ಣದ ಸ್ಯಾಕ್ಸೊಫೋನ್ ವಾದಕನನ್ನು ಅಪಹಾಸ್ಯವಾಗಿ ಚಿತ್ರಿಸಿತು. ಯಹೂದಿಯೂ ಜಾಝ್‌ಪ್ರಿಯನೂ ಕಮ್ಯುನಿಸ್ಟನೂ ಆಗಿದ್ದ ಶುಲ್‌ಹಾಫ್ 1941ರಲ್ಲಿ ಬಂಧಿತನಾಗಿ, 1942ರ ಆಗಸ್ಟ್‌ನಲ್ಲಿ ಬವೇರಿಯಾದ ವ್ಯುಲ್ಟ್ಸ್‌ಬುರ್ಗ್ ಶಿಬಿರದಲ್ಲಿ ಕ್ಷಯರೋಗದಿಂದ ಮರಣ ಹೊಂದಿದನು. ದಶಕಗಳ ಕಾಲ ಮರೆಯಲ್ಲಿದ್ದ ಆತನ ಕೃತಿಗಳು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮತ್ತೆ ವೇದಿಕೆಗೆ ಬಂದವು.